ತೊಳೆದುಹೋದ ನೀಲಿ

ಸಾನ್ ವಿಟ್ಟೊರೆ, ತೊಸ್ಕಾನಾ
ಏಪ್ರಿಲ್ 7, 2009

ಪ್ರೀತಿಯ ತಮ್ಮ ಸೆವೆರಿನೋ,

ಮಂಡಿನೋವು ಹೇಗಿದೆ? ಬೆಲ್ಜಿಯಂ ಗಣಿಯಲ್ಲಿ ಹದಿನೆಂಟು ವರ್ಷ ಕುಕ್ಕರುಗಾಲಲ್ಲಿ ಕೂತು ಕಲ್ಲಿದ್ದಲು ಅಗೆದರೆ ಮಂಡಿ ಬೇರೇನು ಮಾಡೀತು! ಎಣ್ಣೆ ಬಿಸಿಮಾಡಿ ತಿಕ್ಕಲು ನಿನ್ನ ಹೆಂಡತಿ ಕೊಲೆಟ್‌ಗೆ ಹೇಳು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಉಗೋ ತೀರಿಕೊಂಡ ಮೇಲೆ ಬೈಯಲು ಮನೆಯಲ್ಲಿ ಗಂಡನೂ ಇಲ್ಲ, ಅದೊಂದೇ ತೊಂದರೆ.

ನಿನ್ನೆ ನಮ್ಮ ಚಾಪೆಲ್ಲಿಗೆ ಹೋಗಿದ್ದೆ. ಅಪ್ಪ ಮೂವತ್ತು ವರ್ಷ ಕಾವಲಿದ್ದ ಜಾಗಕ್ಕೆ ಟಿಕೆಟ್ ಕೊಂಡು ಹೋದೆ ಅಂದರೆ ನಗಬೇಡ. ಈಗ ಒಂದು ಸಲಕ್ಕೆ ಇಪ್ಪತ್ತೈದೇ ಜನ. ಗೋಡೆಯ ಚಿತ್ರಗಳಿಗೆ ತೇವ ತಾಗಬಾರದೆಂದು ಮೊದಲು ಗಾಜಿನ ಕೋಣೆಯಲ್ಲಿ ಕೂರಿಸಿ ಮೈ ಆರಿಸುತ್ತಾರೆ, ಆಮೇಲೆ ಕಾಲು ಗಂಟೆ ಒಳಗೆ. ನಲವತ್ತಮೂರು ವರ್ಷ ನಾನು ಆ ಕಡೆ ತಲೆ ಹಾಕಿರಲಿಲ್ಲ. ಯಾಕೆಂದು ಇವತ್ತು ಹೇಳಲೇಬೇಕು.

ಗೈಡ್ ಹುಡುಗಿ ಮಾತೆ ಮರಿಯಳ ಭಿತ್ತಿಚಿತ್ರದ ಮುಂದೆ ನಿಂತು, ನೀಲಿ ನಿಲುವಂಗಿಯ ನಡುವಿನ ಬೋಳು ಜಾಗ ತೋರಿಸಿ, “ಇದು 1966ರಲ್ಲಿ ಆದದ್ದು. ಕಾವಲುಗಾರನ ಮಗ, ಬೆಪ್ಪುತಕ್ಕಡಿ, ಒದ್ದೆ ಬಟ್ಟೇಲಿ ಉಜ್ಜಿಬಿಟ್ಟ” ಅಂದಳು. ಜನ ನಕ್ಕರು. ಒಬ್ಬ ಮುದುಕ, “ಅವನ ಕೈ ಮುರೀಬೇಕಿತ್ತು” ಅಂದ. ನಾನು ತಲೆ ತಗ್ಗಿಸಿ ನಿಂತೆ. ಅಂದಿನ ಹಾಗೇ ನಿನ್ನೆಯೂ ಬಾಯಿ ಬಿಡಲಿಲ್ಲ.

ಉಜ್ಜಿದವಳು ನಾನು, ಸೆವೆರಿನೋ. ಈಸ್ಟರ್‌ಗೆ ಮುಂಚೆ ಬ್ರೆಡ್ಡಿನ ತಿರುಳು ಒತ್ತಿ ಒತ್ತಿ ಗೋಡೆಯ ಧೂಳು ತೆಗೆಯುವುದು ನಮ್ಮ ಮನೆಯ ಹೆಂಗಸರ ಕೆಲಸವಲ್ಲವೇ? ಆ ಸಂಜೆ ಹೊರಗೆ ಉಗೋ ಸ್ಕೂಟರಿನ ಹಾರ್ನ್ ಬಾರಿಸುತ್ತಿದ್ದ. ಅವಸರಕ್ಕೆ ಬಟ್ಟೆ ಒದ್ದೆ ಮಾಡಿ ಒರೆಸಿದೆ. ದೇವದೂತರ ಮುಖಗಳಿಗೆ ಏನೂ ಆಗಲಿಲ್ಲ. ಅವು ಹಸಿ ಗಾರೆಯ ಮೇಲೆ ಬರೆದವು, ಬಣ್ಣ ಗೋಡೆಯೊಳಗೇ ಇಳಿದಿರುತ್ತದೆ. ಧೈರ್ಯ ಬಂತು. ನೀಲಿಯನ್ನು ಮಾತ್ರ ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದರೆಂದು ಅಪ್ಪ ನೂರು ಸಲ ಹೇಳಿದ್ದ. ನನಗೆ ನೆನಪಾದದ್ದು ಬಟ್ಟೆ ನೀಲಿಯಾದ ಮೇಲೆ. ಬಕೆಟ್ ಅಲ್ಲೇ ಬಿಟ್ಟು ಓಡಿದೆ. ನೀನು ಅದನ್ನು ಎತ್ತಿಕೊಂಡದ್ದೂ ಅಪ್ಪ ಒಳಗೆ ಬಂದದ್ದೂ ಒಂದೇ ಆಯಿತು. ಅಡುಗೆಮನೆಯಲ್ಲಿ ಎಲ್ಲರ ಮುಂದೆ ಅವನು ಕೂಗಿದ್ದು ಈಗಲೂ ಕಿವಿಯಲ್ಲಿದೆ: “ಐನೂರು ವರ್ಷ ನಿಂತಿದ್ದನ್ನ ಒಂದೇ ಏಟಿಗೆ ತೊಳೆದು ಹಾಕಿದ್ಯಲ್ಲೋ ಪಾಪಿ! ಇನ್ನು ನನ್ನ ಹೊಸಿಲು ತುಳೀಬೇಡ!” ನನ್ನ ಮದುವೆಗೆ ಮೂರು ವಾರವಿತ್ತು. ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನೀನು ಬೆಲ್ಜಿಯಂ ರೈಲು ಹತ್ತಿಯಾಗಿತ್ತು. ಅಪ್ಪನ ಮಣ್ಣಿಗೂ ನೀನು ಬರಲಿಲ್ಲ. ಬರುವ ಮುಖ ನಾನೆಲ್ಲಿ ಉಳಿಸಿದ್ದೆ? ಕ್ಷಮಿಸು ಅನ್ನಲೂ ನಾಚಿಕೆ.

ಕೊಲೆಟ್‌ಗೂ ಮಕ್ಕಳಿಗೂ ನನ್ನ ಮುತ್ತುಗಳು. ದೇವಮಾತೆ ನಿಮ್ಮನ್ನೆಲ್ಲ ಕಾಯಲಿ. ನನ್ನ ಮೇಲೆ ಅವಳಿಗೂ ಸಿಟ್ಟಿರಬೇಕು.

ನಿನ್ನ ಅಕ್ಕ,
ಅರ್ಮಿದಾ

ಮರೆತೆ: ಇವತ್ತು ಬೆಳಿಗ್ಗೆ ಮತ್ತೆ ಹೋಗಿ ಆ ಹುಡುಗಿಗೆ ಎಲ್ಲ ಹೇಳಿದೆ, ಬರೆದು ಸಹಿಯನ್ನೂ ಹಾಕಿಕೊಟ್ಟೆ. ಅವಳು ಕೇಳಿದಳು, “ಅಲ್ಲಜ್ಜಿ, ನಿಮ್ಮ ತಮ್ಮ ನಾನಲ್ಲ ಅಂತ ಹೇಳ್ಲೇ ಇಲ್ವಾ?” ಹೇಳಿದ್ದ ಅಂದೆ. ಅಳುತ್ತಾ ಮೂರು ಸಲ ಹೇಳಿದ್ದ. ಅದು ನಿಜವೆಂದು ಆ ಅಡುಗೆಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.