ಬುಟ್ಟಿಯ ಹಗ್ಗ

ಅಲೆಕ್ಸಾಂಡ್ರಿಯಾ, ಭಾನುವಾರ

ನಾಯಿಗಳ ಆಶ್ರಯಧಾಮದ ಇಂಜಿ ಮೇಡಂ ಅವರಿಗೆ ತಹಾನಿಯ ಸಲಾಂ.

ಕಳೆದ ವಾರ ನಾನು ಹಿಂದಿರುಗಿಸಿದ ಆ ಕಂದು ಬಣ್ಣದ ಮುದಿ ನಾಯಿ ಇನ್ನೂ ನಿಮ್ಮಲ್ಲೇ ಇದೆಯೇ? ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ. ಫೋನಿನಲ್ಲಿ ಕೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕನೇ ಮಹಡಿ. ಬೆಳಿಗ್ಗೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಬೀದಿಯವನಿಂದ ರೊಟ್ಟಿ ಕೊಳ್ಳುತ್ತಿದ್ದೆ. ತೀರಿಹೋದ ನನ್ನ ಹಳೆಯ ನಾಯಿ ಬುಂದು ಆ ಹಗ್ಗದ ತುದಿಯನ್ನು ಕಚ್ಚಿ ಹಿಡಿದು ನಿಲ್ಲುತ್ತಿದ್ದ. ಇವನಿಗೂ ಅದನ್ನೇ ಕಲಿಸಲು ಹೋದೆ. ಹಗ್ಗ ಕಂಡೊಡನೆ ಮಂಚದಡಿ ಸೇರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಬೀದಿನಾಯಿ ಹಿಡಿಯುವವರ ಕುಣಿಕೆ ಕಂಡ ಜೀವ ಅದು ಎಂದು ಆಗ ಹೊಳೆಯಲಿಲ್ಲ. ಇವನಿಗೆ ನಮ್ಮ ಮನೆ ಒಗ್ಗಲಿಲ್ಲ, ಕರೆದುಕೊಂಡು ಹೋಗಿ ಎಂದು ನಿಮಗೆ ಹೇಳಿಬಿಟ್ಟೆ.

ನಿನ್ನೆ ರೊಟ್ಟಿ ಮಾರುವ ಶಹಾತ ಕೆಳಗಿನಿಂದಲೇ ಕೂಗಿದ: "ಅಮ್ಮಾ, ನಿಮ್ಮ ಮುದಿ ನಾಯಿ ಎಲ್ಲಿ? ನೀವು ಹೊರಗೆ ಹೋದ್ರೆ ಸಾಕು, ಬಾಲ್ಕನೀಲಿ ಕೂತು ಬೀದಿ ತುದೀನೇ ನೋಡ್ತಿದ್ದ. ನಾನು ರೊಟ್ಟಿ ತೋರಿಸಿದ್ರೂ ತಿರುಗ್ತಿರ್ಲಿಲ್ಲ. ನೀವು ತಿರುವಲ್ಲಿ ಕಾಣಿಸಿದ ಮೇಲೇ ಒಳಗೆ ಹೋಗ್ತಿದ್ದ. ನಿಮಗೆ ಗೊತ್ತೇ ಇರ್ಲಿಲ್ವಾ?"

ಗೊತ್ತಿರಲಿಲ್ಲ.

ಬುಟ್ಟಿ, ಹಗ್ಗ ಎರಡನ್ನೂ ಪಕ್ಕದ ಮನೆಗೆ ಕೊಟ್ಟಿದ್ದೇನೆ. ರೊಟ್ಟಿಗೆ ಇನ್ನು ನಾನೇ ಮೆಟ್ಟಿಲಿಳಿಯುತ್ತೇನೆ. ಮಂಡಿ ನೋಯುತ್ತದೆ, ನೋಯಲಿ. ಅವನನ್ನು ಹಗ್ಗ ಕಟ್ಟಿ ಕಳಿಸಬೇಡಿ. ನಾನೇ ಬಂದು, ಅವನಾಗಿಯೇ ಏಳುವವರೆಗೂ ಪಕ್ಕದಲ್ಲಿ ಕೂತಿರುತ್ತೇನೆ.

ಇನ್ನೊಂದು ಮಾತು. ಅವನ ಹೆಸರೇನು? ಇಲ್ಲಿದ್ದಷ್ಟು ದಿನವೂ ನಾನು ಬುಂದು ಎಂದೇ ಕರೆದೆ.

ಉತ್ತರಕ್ಕೆ ಕಾದಿರುವ,
ತಹಾನಿ