ಹನ್ನೆರಡು ಮುಖನಿಮಿಷ

ಗದಗ, 30 ಫೆಬ್ರವರಿ 2191

ಹಿಂದಿನ ಕಾಲದ ಅಕ್ಕಾ,

ಗಾಬರಿಯಾಗಬೇಡಿ, ಫೆಬ್ರವರಿಗೆ ಈಗ ಮೂವತ್ತು ದಿನ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನಿಮ್ಮ ಕಾಲದ ಕನ್ನಡವನ್ನು ಅತ್ತೆಯಿಂದ ಕಲಿಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮದುವೆಯಾಗಿ ಇಪ್ಪತ್ತಾರು ದಿನ. ನನ್ನ ಈರೇಶ ಎಷ್ಟು ಒಳ್ಳೆಯವನು ಅಂತ ಬರೆಯಲು ಕೂತರೆ ಕಾಗದ ಸಾಲದು! ಆದರೆ ಇವತ್ತು ತುಂಬಾ ದಣಿದಿದ್ದೇನೆ.

ನಮ್ಮಲ್ಲಿ ಜ್ವರ, ಕೆಮ್ಮಿಗೆ ಗೋಡೆಡಾಕ್ಟರು ಇದೆ. ಓಣಿಯ ಗೋಡೆಯಲ್ಲಿ ಕೂರಿಸಿದ ಯಂತ್ರ. ನಾಲಿಗೆ ತೋರಿಸಿದರೆ ಮಾತ್ರೆ ಉದುರಿಸುತ್ತದೆ. ಕೈಯಿಂದ ಮುಟ್ಟಿ ನೋಡುವ ಡಾಕ್ಟರ ಎದುರು ಕೂರಬೇಕೆಂದರೆ ಮುಖನಿಮಿಷ ಬೇಕು. ಹಾಗೆ ಎದುರು ಕೂರುವ ಒಂದು ನಿಮಿಷವೇ ಒಂದು ಮುಖನಿಮಿಷ, ಅದಕ್ಕೆ ಈರೇಶನ ಹದಿನೈದು ದಿನದ ಸಂಬಳ. ಸರ್ಕಾರಿ ಆಸ್ಪತ್ರೆಯ ಚಿತ್ರವನ್ನು ಪಾಠದ ಪುಸ್ತಕದಲ್ಲಿ ನೋಡಿದ್ದೇವೆ, ಅಷ್ಟೇ. ಹಾಗಾಗಿ ಮದುವೆಯ ಮುಯ್ಯಿಗೆ ಈಗ ಯಾರೂ ಪಾತ್ರೆ ಕೊಡುವುದಿಲ್ಲ, ಮುಖನಿಮಿಷ ಕೊಡುತ್ತಾರೆ. ನನ್ನ ಸೋದರಮಾವ ಮೂರು ಕೊಟ್ಟರು, ಓಣಿಯವರೆಲ್ಲ ಸೇರಿ ಎರಡು. ಹೀಗೆ ಹನ್ನೆರಡು ಬಂದವು. ಅಷ್ಟೂ ಅತ್ತೆಗೇ ಎಂದು ನಾವಿಬ್ಬರೂ ನಿರ್ಧರಿಸಿದೆವು. ಅವರ ಎದೆಯ ಪಕ್ಕ ಒಂದು ಗಂಟು, ಏಳು ತಿಂಗಳಿಂದ ಸೆರಗಿನ ಮರೆಯಲ್ಲಿದೆ. ಗೋಡೆಡಾಕ್ಟರು ‘ಮನುಷ್ಯರಿಗೆ ತೋರಿಸಿ’ ಎಂದಷ್ಟೇ ಹೇಳುತ್ತದೆ.

ಇವತ್ತು ಹೋದೆವು. ಒಳಗೆ ಇಬ್ಬರಿಗೇ ಜಾಗ, ಈರೇಶ ಹೊರಗೆ ನಿಂತ. ಡಾಕ್ಟರಮ್ಮ ವಯಸ್ಸಾದವರು, ಮುಖ ಬಾಡಿತ್ತು. ಅತ್ತೆ ಕೂತವರೇ ‘ಊಟ ಆತೇನ್ರೀ ಅವ್ವಾರ?’ ಎಂದರು. ಆಗಿರಲಿಲ್ಲ. ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ಹೊರಬಂದವು. ಯಾವ ಊರು, ಮಕ್ಕಳೆಷ್ಟು ಎಂದೆಲ್ಲ ಕೇಳಿದ ಮೇಲೆ ‘ಇಕಿ ನಮ್ಮ ಹೊಸಾ ಸೊಸಿ, ಭಾಳ ಇಂಗ್ಲಿಷ್ ಓದ್ಯಾಳ’ ಎಂದರು. ನನಗಷ್ಟೇ ಸಾಕಾಯಿತು! ತಾಳಿ ಕಟ್ಟುವಾಗ ಈರೇಶ ಎಣಿಕೆ ತಪ್ಪಿ ನಾಲ್ಕು ಗಂಟು ಹಾಕಿದ್ದು, ಎಲ್ಲರೂ ನಕ್ಕಿದ್ದು, ಒಂದೂ ಬಿಡದೆ ಹೇಳಿದೆ. ಡಾಕ್ಟರಮ್ಮ ರೊಟ್ಟಿ ತಿನ್ನುತ್ತಾ ಜೋರಾಗಿ ನಕ್ಕರು. ಅತ್ತೆ ಸೆರಗಿಗೆ ಕೈ ಹಾಕಿದರು. ಆಗಲೇ ಹನ್ನೆರಡು ನಿಮಿಷ ಮುಗಿದ ಗಂಟೆ ಬಾರಿಸಿತು. ಡಾಕ್ಟರಮ್ಮ ಕೈ ಚಾಚಿದರು, ಆದರೆ ಅವರ ಕುರ್ಚಿ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು.

ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ‘ಬಿಡವಾ, ಪಾಪ, ಆಕಿ ಹಸ್ತಿದ್ಲು’ ಎಂದರು ಅತ್ತೆ. ನಮ್ಮ ಮನೆಗೆ ಇನ್ನು ಮುಯ್ಯಿ ಬರುವುದು ನಾದಿನಿಯ ಮದುವೆಗೆ. ಅವಳಿಗೀಗ ಹದಿನಾರು.

ಅಕ್ಕಾ, ನಿಮ್ಮ ಓಣಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ಉದ್ದ, ಬೆಂಚು ಮುರಿದಿದೆ ಎಂದು ಬೈಯುತ್ತಿರಬಹುದು. ಬೈಯಿರಿ. ಆದರೆ ಅದನ್ನು ಮುಚ್ಚಲು ಯಾರಾದರೂ ಬಂದರೆ ಆ ಮುರಿದ ಬೆಂಚಿನಿಂದ ಏಳಬೇಡಿ. ನಿಮ್ಮ ಅತ್ತೆಯ ಸೆರಗಿನ ಮರೆಯಲ್ಲೂ ಗಂಟಿದ್ದರೆ ನಾಳೆಯೇ ಅವರನ್ನು ಕರೆದುಕೊಂಡು ಹೋಗಿ. ಮೊದಲು ಗಂಟು ತೋರಿಸಿ. ಊಟ ಆಯಿತೇ ಎಂದು ಆಮೇಲೆ ಕೇಳಿ.

ನಿಮ್ಮ
ಪ್ರಣೀತಾ ಈರೇಶ