ಚಂಪಿಗೆ ನೋಡಿದ ಗಂಡು

ಸವಣೂರು
೧೨ ಜೂನ್ ೨೦೨೫

ಮಾವಾ,

ಸರೋಜಾ ಮಾಡುವ ಶರಣಾರ್ಥಿ. ನಾನು, ತನುಜಾ, ಶಿವಯೋಗಿ ಮೂರೂ ಮಂದಿ ಇಲ್ಲಿ ನನ್ನ ಸಾಲಿ ಗೆಳತಿ ಶಬೀನಾನ ಮನ್ಯಾಗ ಅದೇವಿ. ಹೆಂಡತಿ ಫೋನ್ ಎತ್ತವಲ್ಲಳು ಅಂತ ಹಿರೇಬೆಂಡಿಗೇರಿ ತುಂಬ ಹೇಳಿಕೋತ ತಿರುಗಾಕತ್ತೀರಂತ. ಎತ್ತೂದಿಲ್ಲ. ಫೋನಿನ್ಯಾಗ ನೀವು ಒದರತೀರಿ, ನಾ ಅಳತೇನಿ, ಹೇಳೂದು ಹಂಗ ಉಳಿತೈತಿ. ಅದಕ್ಕ ಬರಿಯಾಕತ್ತೇನಿ.

ನನ್ನ ಮಗಳು ತನುಜಾನ್ನ ನನ್ನ ತಮ್ಮ ಬಸವೇಶನಿಗೆ ಕೊಡೂದು ಬ್ಯಾಡ. ಸೋದರಮಾವನ ಹಕ್ಕು, ಹೆಣ್ಣು ಮನೀ ಹೊರಗ ಹೋಗಬಾರದು ಅಂತ ನೀವೂ ಹಂಸಭಾವಿಯ ನಮ್ಮವ್ವನೂ ಕುಂತು ಮಾತು ಪಕ್ಕಾ ಮಾಡಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ. ನನ್ನ ಲಗ್ನದಾಗೂ ಇದ ಹಕ್ಕು ಹೇಳಿದ್ರಿ. ನಮ್ಮವ್ವನ ತಮ್ಮ ನೀವು. ಎತ್ತಿ ಆಡಿಸಿದ ಕೈಲೇ ತಾಳಿ ಕಟ್ಟಿದ್ರಿ. ಮೊದಲನೇ ಕೂಸು ತೊಟ್ಟಲದಾಗ ಹೋತು. ಮಗ ಶಿವಯೋಗಿಗೆ ಕಿವಿ ಕೇಳೂದಿಲ್ಲ. ರಕ್ತ ಭಾಳ ಹತ್ತರ ಆಗೇತಿ ಅಂತ ಹುಬ್ಬಳ್ಳಿ ಡಾಕ್ಟರು ಅಂದ್ರ, ನಮ್ಮ ಮನಿತನಕ್ಕ ಹೆಸರಿಡತಾನ ಅಂತ ಅವರ ಮ್ಯಾಲೆ ಹರಿಹಾಯ್ದ್ರಿ.

ನಿಮ್ಮ ಹೆಣ್ಣುನಾಯಿ ಚಂಪಿಗೆ ಏನು ಮಾಡಿದ್ರಿ? ಬ್ಯಾಟಿನಾಯಿ ತಳಿ ಹೊರಗ ಬಿಡಬಾರದು ಅಂತ ನಿಮ್ಮ ಅಪ್ಪನ ಕಾಲದಿಂದ ಒಂದ ಮನೀ ನಾಯಿಗೋಳನ್ನ ಕೂಡಿಸಿಕೋತ ಬಂದ್ರಿ. ಮರಿ ಕಣ್ಣು ತೆರಿಯೂದ್ರಾಗ ಸಾಯಾಕತ್ತಿದ್ವು. ಆಗ ಶಿಗ್ಗಾವಿಯ ದನದ ಡಾಕ್ಟರು ಮುಬಶೀರ ಬಂದು, ನಾಯಿ ದವಡಿಯೊಳಗ ಹತ್ತಿಕಡ್ಡಿ ಆಡಿಸಿ ಡಿಎನ್‌ಎ ಪರೀಕ್ಷೆಗೆ ಕಳಿಸಿದ್ರು. ಇವೆಲ್ಲಾ ಒಂದ ರಕ್ತ, ಸಂಬಂಧ ಇಲ್ಲದ ಗಂಡು ಹುಡುಕ್ರಿ ಅಂದ್ರು. ನೀವು ಅವರ ಮಾತು ಕೇಳಿದ್ರಿ. ಹಾನಗಲ್ಲ, ಹಿರೇಕೆರೂರ ಎಲ್ಲಾ ತಿರುಗಿದ್ರಿ. ಮಾಸೂರಿನ ಗಂಡುನಾಯಿದೂ ಪರೀಕ್ಷೆ ಮಾಡಿಸಿ, ರಕ್ತ ಬ್ಯಾರೆ ಅಂತ ಖಾತ್ರಿ ಆದಮ್ಯಾಲೆ ಗಾಡ್ಯಾಗ ಕೌದಿ ಹಾಸಿ ಚಂಪಿನ್ನ ಕರಕೊಂಡು ಹೋದ್ರಿ. ಈಗ ಮರಿ ಒಂದಕ್ಕಿಂತ ಒಂದು ಗಟ್ಟಿ. ಹೊಸ ರಕ್ತ ಬರಬೇಕ್ರಿ, ಇಷ್ಟ ದಿನ ತಪ್ಪು ಮಾಡಿದ್ವಿ ಅಂತ ಬಂದವರ ಮುಂದ ಮೀಸಿ ತಿರುವಿದ್ರಿ. ನಾ ಚಾ ಹಿಡಕೊಂಡು ಬಾಗಿಲದಾಗ ನಿಂತಿದ್ದೆ. ಅವತ್ತ ಸಂಜಿಗೆ ನಿಶ್ಚಯದ ಸೀರಿ ತಂದು ತನುಜಾನ ಕೈಯಾಗ ಇಟ್ರಿ.

ಮಾವಾ, ನಾಯಿಗೆ ಇದ್ದ ಕಿಮ್ಮತ್ತು ಹೆತ್ತ ಮಗಳಿಗೆ ಇಲ್ಲೇನು? ತನುಜಾ, ಬಸವೇಶ ಇಬ್ಬರದೂ ಪರೀಕ್ಷೆ ಮಾಡಿಸೂಣು ಅಂದ್ರ, ಮಂದಿ ಏನಂದಾರು ಅಂದ್ರಿ. ಖಾಲಿ ತೊಟ್ಟಲಾ ಬಿಚ್ಚಿಡುವಾಗ ಯಾವ ಮಂದಿ ಬಂದಿದ್ರು? ಬಸವೇಶನ ಮ್ಯಾಲೆ ನನಗ ಸಿಟ್ಟಿಲ್ಲ, ಅಂವ ನನ್ನ ಬೆನ್ನಿಗೆ ಬಿದ್ದಾಂವ, ನನ್ನ ಜೀವ. ತನುಜಾಗೂ ಈ ಲಗ್ನ ಬ್ಯಾಡಾಗೇತಿ, ನನ್ನ ಜೋಡಿ ಗಟ್ಟಿ ನಿಂತಾಳ. ನಿಶ್ಚಯ ಮುರಿಯೂತನಾ ನಾವು ಬರೂದಿಲ್ಲ. ಹೆಂಡತಿ ಬಿಟ್ಟು ಹೋದ್ಲು ಅಂತ ಬೇಕಾದ್ರ ಊರಾಗ ಡಂಗುರಾ ಹೊಡಸ್ರಿ.

ನಿಮ್ಮ ಅಕ್ಕನ ಮಗಳು,
ಸರೋಜಾ

ತಾ.ಕ.: ತನುಜಾ ಗಟ್ಟಿ ನಿಂತಾಳ ಅಂದದ್ದು ಸುಳ್ಳು. ಅಕಿಗೆ ಬಸವೇಶನ ಬೇಕಂತ. ಶಬೀನಾನ್ನ ಕಂಡು ಬರೂಣು ಅಂತ ಹೇಳಿ ಕರಕೊಂಡು ಬಂದೇನಿ. ಖರೇ ಕಾರಣ ಗೊತ್ತಾದಾಗಿಂದ ನನ್ನ ಜೋಡಿ ಮಾತು ಬಿಟ್ಟಾಳ. ಅವ್ವ ನನ್ನ ವೈರಿ ಅಂತ ಶಿವಯೋಗಿಗೆ ಕೈಸನ್ನಿ ಮಾಡಿ ಹೇಳಾಕತ್ತಿದ್ಲು, ನಾ ನೋಡಿದೆ. ನನ್ನ ಮಾತು ಅಕಿ ಕೇಳೂದಿಲ್ಲ, ನಿಮ್ಮದು ಕೇಳತಾಳ. ನೀವ ಬಂದು ಬ್ಯಾಡ ಅನ್ರಿ.